ಗೆಳೆಯರೊಂದಿಗೆ ಪ್ಯಾರಿಸ್ಸಿಗೆ: ಜನಜಂಗುಳಿಯ ನಡುವೆ ಇಂಪ್ರೆಷನಿಸ್ಟ್ ಚಿತ್ರಗಳನ್ನು ನೋಡುವ ಬಗೆ

ಮೈಸೂರು, ಮಂಡ್ಯದ ಕಡೆಯಿಂದ ನಾಲ್ಕಾರು ಗೆಳೆಯರು ಕೂಡಿಕೊಂಡು ಯುರೋಪಿಗೆ ಹೊರಡುವುದು ಈಗ ಅಪರೂಪದ ಸಂಗತಿಯಲ್ಲ. ಪ್ಯಾರಿಸ್ಸಿನಲ್ಲಿ ಕಳೆಯುವ ಎರಡು ಮೂರು ದಿನಗಳ ಪಟ್ಟಿಯಲ್ಲಿ ಐಫೆಲ್ ಗೋಪುರ, ಲೂವ್ರ್ ಮತ್ತು ನದಿಯ ದೋಣಿಯಾನದ ಜೊತೆಗೆ ಓರ್ಸೆ ಮ್ಯೂಸಿಯಮ್ಮಿನ ಹೆಸರೂ ಸೇರಿರುತ್ತದೆ. ಇಂಪ್ರೆಷನಿಸ್ಟ್ ಚಿತ್ರಗಳ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಒಂದು ಕಲಾವಿದರ ಬಳಗ ಕ್ಷಣಕ್ಷಣಕ್ಕೆ ಬದಲಾಗುವ ಬೆಳಕನ್ನು ಹಿಡಿಯಲೆಂದು ಬರೆದ ಚಿತ್ರಗಳ, ಬಹು ದೊಡ್ಡ ಸಂಗ್ರಹ ಅಲ್ಲಿರುವುದರಿಂದ ಜನವೂ ಅದಕ್ಕೆ ತಕ್ಕಂತೆ ಸೇರುತ್ತಾರೆ. ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ವಿಚಾರಿಸಿದರೆ ಹಲವರು ನೂಕುನುಗ್ಗಲಿನ ಬಗ್ಗೆಯೂ, ಮೇಲಿನ ಮಹಡಿಯ ಗಾಜಿನ ಗಡಿಯಾರದ ಮುಂದೆ ತೆಗೆಸಿಕೊಂಡ ಫೋಟೊದ ಬಗ್ಗೆಯೂ ಹೇಳಿ ಸುಮ್ಮನಾಗುತ್ತಾರೆ. ಅಂಥ ಗುಂಪಿಗೆ ಈ ಬರಹ ಕೊಡುವ ಸಲಹೆ ಮುಖ್ಯವಾಗಿ ಒಂದೇ: ಮ್ಯೂಸಿಯಮ್ಮಿನ ಬಾಗಿಲ ತನಕ ಒಟ್ಟಿಗೆ ಹೋಗಿ, ಒಳಗೆ ಬೇರೆಬೇರೆಯಾಗಿ ನೋಡಿ, ಐದಾರು ಚಿತ್ರಗಳಿಗಿಂತ ಹೆಚ್ಚಿನದಕ್ಕೆ ಆಸೆಪಡಬೇಡಿ.

ಜನಸಂದಣಿ ಯಾವ ಚಿತ್ರಶಾಲೆಯಲ್ಲಾದರೂ ತೊಂದರೆಯೇ. ಆದರೆ ಈ ಚಿತ್ರಗಳಿಗೆ ಅದರಿಂದ ಆಗುವ ನಷ್ಟ ಹೆಚ್ಚು, ಏಕೆಂದರೆ ಇವುಗಳನ್ನು ಬರೆದಿರುವ ಕ್ರಮವೇ ನೋಡುವವರಿಂದ ಎರಡು ಬೇರೆ ದೂರಗಳನ್ನು ಬೇಡುತ್ತದೆ. ರವಿವರ್ಮರ ಚಿತ್ರದ ಹತ್ತಿರ ಹೋದಷ್ಟೂ ಒಡವೆಯ ಹರಳು, ಸೀರೆಯ ಜರಿ ಇನ್ನಷ್ಟು ನಿಚ್ಚಳವಾಗುತ್ತವೆ. ಇಂಪ್ರೆಷನಿಸ್ಟರಾದ ಮೋನೆ ಅಥವಾ ಪಿಸಾರೊ ಬರೆದ ಚಿತ್ರದ ಹತ್ತಿರ ಹೋದರೆ, ದೂರದಿಂದ ಮರವಾಗಿ, ನೀರಾಗಿ, ಮನುಷ್ಯರಾಗಿ ಕಂಡಿದ್ದೆಲ್ಲ ಬಣ್ಣದ ತುಂಡು ತುಂಡು ಗೆರೆಗಳಾಗಿ ಒಡೆದುಹೋಗುತ್ತದೆ. ಆ ಕಲಾವಿದರು ಬಣ್ಣಗಳನ್ನು ಪೂರ್ತಿಯಾಗಿ ಕಲಸದೆ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು, ಬೆರೆಸುವ ಕೆಲಸವನ್ನು ನೋಡುವ ಕಣ್ಣಿಗೇ ಬಿಟ್ಟರು. ಹಾಸಿಗೊಂದು, ಹೊಕ್ಕಿಗೊಂದು ಬಣ್ಣದ ನೂಲು ಹಾಕಿ ನೇಯ್ದ ಡಬಲ್ ಶೇಡ್ ರೇಷ್ಮೆ ಸೀರೆಯನ್ನು ಅಂಗಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಣ್ಣು ಬಣ್ಣಗಳನ್ನು ಬೆರೆಸಬೇಕಾದರೆ ಮೂರು ನಾಲ್ಕು ಮೀಟರಿನಷ್ಟು ಖಾಲಿ ಜಾಗ ಬೇಕು; ಜನ ತುಂಬಿದ ಕೋಣೆಯಲ್ಲಿ ಮೊದಲು ಇಲ್ಲವಾಗುವುದು ಆ ಜಾಗವೇ.

ಮೊದಲ ಹೆಜ್ಜೆ: ಊರಿನಲ್ಲೇ ಕಣ್ಣು ಪಳಗಿಸಿಕೊಳ್ಳುವುದು

ಪ್ರವಾಸಕ್ಕೆ ಒಂದೆರಡು ತಿಂಗಳು ಇರುವಾಗ, ಜೊತೆಗೆ ಬರುವ ಗೆಳೆಯರನ್ನೇ ಕರೆದುಕೊಂಡು, ಬೇಕೆಂದೇ ಜನ ಹೆಚ್ಚಿರುವ ರಜೆಯ ದಿನವನ್ನು ಆರಿಸಿಕೊಂಡು ಜಗನ್ಮೋಹನ ಅರಮನೆಗೆ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ, ಮತ್ತು ಜನರ ನಡುವೆ ನಿಂತು ಚಿತ್ರ ನೋಡುವುದನ್ನು ಕಲಿಯಲು ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಎಸ್. ಎಲ್. ಹಲ್ದಂಕರ್ ಅವರ ‘ಗ್ಲೋ ಆಫ್ ಹೋಪ್’, ಅಂದರೆ ಮೈಸೂರಿನವರೆಲ್ಲ ದೀಪದ ಹೆಂಗಸಿನ ಚಿತ್ರ ಎಂದು ಗುರುತಿಸುವ ಜಲವರ್ಣ ಚಿತ್ರ, ಕತ್ತಲು ಮಾಡಿದ ಕೋಣೆಯಲ್ಲಿದೆ. (ಅದನ್ನು ರವಿವರ್ಮರದೆಂದು ಹೇಳುವವರು ಈಗಲೂ ಇದ್ದಾರೆ.) ಬಂದವರು ಒಂದು ಕ್ಷಣ ನಿಂತು, ‘ಅಬ್ಬಾ’ ಎಂದು, ಹಿಂದಿನವರ ಒತ್ತಡಕ್ಕೆ ಮುಂದೆ ಸಾಗುತ್ತಾರೆ. ನೀವು ಗೋಡೆಯ ಪಕ್ಕಕ್ಕೆ ಸರಿದು, ಸಾಲಿಗೆ ಅಡ್ಡಿಯಾಗದಂತೆ ಐದು ನಿಮಿಷ ನಿಂತುಕೊಳ್ಳಿ. ಮೊದಲು ಮುಖದ ಮೇಲಿನ ಬೆಳಕು ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ದೀಪಕ್ಕೆ ಅಡ್ಡ ಹಿಡಿದ ಕೈಯ ಬೆರಳುಗಳ ಅಂಚು ಕೆಂಪಾಗಿರುವುದು ಕಣ್ಣಿಗೆ ಬೀಳುತ್ತದೆ. ಆಮೇಲೆ ಸೀರೆಯ ಮಡಿಕೆಗಳಲ್ಲಿ ಬೆಳಕು ಎಲ್ಲಿ ತೀರಿಹೋಗುತ್ತದೆ ಎಂಬುದು ತಿಳಿಯುತ್ತದೆ. ನಿಮ್ಮ ಗುಂಪಿನಲ್ಲಿ ಈ ಐದು ನಿಮಿಷ ನಿಲ್ಲುವವರು ಯಾರು, ‘ಇನ್ನೂ ಅಲ್ಲೇ ನಿಂತಿದ್ದೀಯೇನೋ, ಬಾರೋ’ ಎಂದು ಬಾಗಿಲಿನಿಂದ ಕರೆಯುವವರು ಯಾರು ಎಂಬುದೂ ಅದೇ ಹೊತ್ತಿಗೆ ಗೊತ್ತಾಗುತ್ತದೆ. ಎರಡನೆಯ ಮಾಹಿತಿ ಮೊದಲನೆಯದರಷ್ಟೇ ಉಪಯುಕ್ತ.

ಇನ್ನೊಂದು ಅಭ್ಯಾಸಕ್ಕೆ ಟಿಕೆಟ್ಟೂ ಬೇಡ. ಸುಗ್ಗಿ ಮುಗಿದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಹೊಲಗಳ ಬದಿಯಲ್ಲಿ, ಹಟ್ಟಿಗಳ ಹಿಂದೆ ಹುಲ್ಲಿನ ಮೆದೆಗಳು ಏಳುತ್ತವೆ. ಒಂದೇ ಮೆದೆಯನ್ನು ಬೆಳಿಗ್ಗೆ ಏಳು ಗಂಟೆಗೆ ಒಮ್ಮೆ, ಸಂಜೆ ಸೂರ್ಯ ಇಳಿಯುವಾಗ ಇನ್ನೊಮ್ಮೆ ನೋಡಿ, ಅದರ ನೆರಳಿನ ಬಣ್ಣ ಯಾವುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕಪ್ಪು ಎಂಬ ಉತ್ತರ ಬಾಯಿಗೆ ಬಂದರೂ ಕಣ್ಣು ಅದನ್ನು ಒಪ್ಪುವುದಿಲ್ಲ. ಬೆಳಗಿನ ನೆರಳಿನಲ್ಲಿ ನೀಲಿ ಇರುತ್ತದೆ, ಸಂಜೆಯದರಲ್ಲಿ ನೇರಳೆ ಸುಳಿಯುತ್ತದೆ. ಮೋನೆ 1890–91ರಲ್ಲಿ ತನ್ನ ಊರಾದ ಜಿವರ್ನಿಯ ಮನೆಯ ಹತ್ತಿರದ ಗೋಧಿಯ ಮೆದೆಗಳನ್ನು ಇಪ್ಪತ್ತಕ್ಕೂ ಹೆಚ್ಚು ಕ್ಯಾನ್ವಾಸುಗಳಲ್ಲಿ ಬರೆದದ್ದು ಇದೇ ಪ್ರಶ್ನೆಯನ್ನು ಹಿಡಿದು. ಆ ಸರಣಿಯ ಒಂದು ಚಿತ್ರ ಓರ್ಸೆಯಲ್ಲಿದೆ. ಮಂಡ್ಯದ ಮೆದೆಯನ್ನು ಎರಡು ಹೊತ್ತಿನಲ್ಲಿ ನೋಡಿ ಹೋದವರಿಗೆ ಆ ಚಿತ್ರದ ಮುಂದೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಎರಡನೆಯ ಹೆಜ್ಜೆ: ದಿನ, ಹೊತ್ತು, ಟಿಕೆಟ್

ಓರ್ಸೆ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ. ಉಳಿದ ದಿನ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ, ಗುರುವಾರ ಮಾತ್ರ ರಾತ್ರಿ 9.45ರವರೆಗೆ ತೆರೆದಿರುತ್ತದೆ. ಪ್ರವಾಸದ ದಿನಗಳಲ್ಲಿ ಒಂದು ಗುರುವಾರ ಬರುವ ಹಾಗಿದ್ದರೆ ಬೇರೆ ಯೋಚನೆ ಮಾಡದೆ ಆ ಸಂಜೆಯನ್ನು ಇದಕ್ಕೇ ಮೀಸಲಿಡಿ. ಗೈಡುಗಳ ಹಿಂದೆ ಬರುವ ದೊಡ್ಡ ಗುಂಪುಗಳು ಹಗಲಿನಲ್ಲೇ ಮುಗಿಸಿ ಹೊರಟಿರುತ್ತವೆ. ಮಂಗಳವಾರವನ್ನು ಆದಷ್ಟು ತಪ್ಪಿಸಿ. ಲೂವ್ರ್ ಅಂದು ಮುಚ್ಚಿರುವುದರಿಂದ ಅಲ್ಲಿಗೆ ಹೋಗಬೇಕಾದವರೂ ನದಿ ದಾಟಿ ಇಲ್ಲಿಗೇ ಬರುತ್ತಾರೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಆ ಉಳಿತಾಯಕ್ಕೆ ತೆರಬೇಕಾದ ಬೆಲೆ ಏನೆಂದು ದಸರೆಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಟಿಕೆಟ್ಟನ್ನು ಮ್ಯೂಸಿಯಮ್ಮಿನ ಜಾಲತಾಣದಲ್ಲೇ, ಹೊತ್ತು ನಮೂದಿಸಿ, ಮುಂಚಿತವಾಗಿ ಕೊಳ್ಳಬಹುದು. ಷೆಂಗೆನ್ ವೀಸಾ ಕೈಗೆ ಬಂದು ದಿನಾಂಕಗಳು ಗಟ್ಟಿಯಾದ ಮೇಲೆ ಕೊಳ್ಳುವುದು ಜಾಣತನ. ಒಬ್ಬರೇ ಎಲ್ಲರ ಟಿಕೆಟ್ ತೆಗೆದರೂ ಅವರವರ ಟಿಕೆಟ್ಟನ್ನು ಅವರವರ ಮೊಬೈಲಿಗೆ ಕಳುಹಿಸಿಬಿಡಬೇಕು. ಮೆಟ್ರೊದಲ್ಲಿ ಒಬ್ಬರು ಹಿಂದುಳಿದರೆ ಉಳಿದವರು ಬಾಗಿಲಲ್ಲಿ ಕಾಯುತ್ತ ಹೊತ್ತು ಕಳೆಯುವುದು ಅದರಿಂದ ತಪ್ಪುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಪ್ರವೇಶ ಉಚಿತ. ಯಾವುದಾದರೂ ಒಂದು ಚಿತ್ರಕ್ಕಾಗಿಯೇ ಹೋಗುವವರು, ಅದು ಆ ದಿನಗಳಲ್ಲಿ ಗೋಡೆಯ ಮೇಲಿದೆಯೇ ಎಂದು ಅದೇ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು. ಹೆಸರಾಂತ ಚಿತ್ರಗಳು ಬೇರೆ ದೇಶಗಳ ಪ್ರದರ್ಶನಗಳಿಗೆ ಎರವಲು ಹೋಗುತ್ತಲೇ ಇರುತ್ತವೆ.

ದೊಡ್ಡ ಬ್ಯಾಗುಗಳನ್ನು ವಸತಿಯಲ್ಲೇ ಬಿಟ್ಟು ಬನ್ನಿ. ಹೊಸ ಬೂಟು ಬೇಡ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದರೆ ನದಿಯ ದಂಡೆಯಲ್ಲಿ ಕುಳಿತು ಮುಗಿಸಿ ಒಳಗೆ ಹೋಗಿ. ಹಸಿದವರ ಜೊತೆ ಚಿತ್ರ ನೋಡಲಾಗದು.

ಮೂರನೆಯ ಹೆಜ್ಜೆ: ಬಾಗಿಲಲ್ಲಿ ಒಪ್ಪಂದ

ಸ್ನೇಹಿತರ ಗುಂಪು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಟ್ಟಾಗಿ ಸಾಗುವಾಗ ಎಲ್ಲರಿಗಿಂತ ಬೇಗ ಬೇಸರಗೊಳ್ಳುವವರ ವೇಗವೇ ಇಡೀ ಗುಂಪಿನ ವೇಗವಾಗುತ್ತದೆ, ಮತ್ತು ನಿಧಾನವಾಗಿ ನೋಡಬೇಕೆನ್ನುವವರು ಸಂಕೋಚದಿಂದಲೇ ಹೆಜ್ಜೆ ಹಾಕುತ್ತಾರೆ. ಆದ್ದರಿಂದ ಒಳಗೆ ಹೋಗುವ ಮೊದಲೇ ಎರಡು ವಿಷಯ ತೀರ್ಮಾನವಾಗಿರಲಿ: ಎಷ್ಟು ಗಂಟೆಗೆ ಸೇರಬೇಕು, ಎಲ್ಲಿ ಸೇರಬೇಕು. ಒಳಗೆ ಹೋದ ಮೇಲೆ ಫೋನ್ ಮಾಡಿಕೊಂಡರಾಯಿತು ಎಂಬುದನ್ನು ನೆಚ್ಚಬೇಡಿ. ದಪ್ಪ ಗೋಡೆಗಳ ನಡುವೆ ಸಿಗ್ನಲ್ ಸಿಗದೆ ಹೋಗಬಹುದು, ಸಿಕ್ಕರೂ ಚಿತ್ರಗಳ ಮುಂದೆ ನಿಂತು ‘ಎಲ್ಲಿದ್ದೀರಾ’ ಎಂದು ಕೂಗುವುದು ಶೋಭಿಸುವುದಿಲ್ಲ. ಕೆಳಗಿನ ದೊಡ್ಡ ಹಜಾರದಲ್ಲಿ ಚಿನ್ನದ ಬಣ್ಣದ ಭಾರಿ ಗಡಿಯಾರವೊಂದು ಎತ್ತರದಲ್ಲಿದೆ. ಅದರ ಕೆಳಗೆ ಸೇರುವುದೆಂದು ಹೇಳಿದರೆ ಯಾರೂ ತಪ್ಪಿಹೋಗುವುದಿಲ್ಲ. ಎರಡು ಗಂಟೆಯ ಅವಧಿ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕಣ್ಣು ಕೆಲಸ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ಚಿತ್ರಗಳಲ್ಲಿ ಆಸಕ್ತಿಯೇ ಇಲ್ಲದ ಗೆಳೆಯರೂ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಮುಲಾಜಿಗೆ ಕಟ್ಟಿಹಾಕುವುದು ಬೇಡ. ಕಟ್ಟಡವೇ ಅವರಿಗೆ ಸಾಕಷ್ಟು ನೋಟ ಕೊಡುತ್ತದೆ: ಇದು 1900ರ ಪ್ಯಾರಿಸ್ ವಿಶ್ವಮೇಳಕ್ಕೆಂದು ಕಟ್ಟಿದ ರೈಲು ನಿಲ್ದಾಣ, 1986ರ ಡಿಸೆಂಬರಿನಲ್ಲಿ ಮ್ಯೂಸಿಯಂ ಆಯಿತು, ರೈಲು ಬಂದು ನಿಲ್ಲುತ್ತಿದ್ದ ಉದ್ದದ ಹಜಾರದಲ್ಲಿ ಈಗ ಶಿಲ್ಪಗಳು ನಿಂತಿವೆ. ಸ್ವಲ್ಪವಾದರೂ ಕುತೂಹಲ ಹುಟ್ಟಿಸಬೇಕೆಂದಿದ್ದರೆ ಸಾಲಿನಲ್ಲಿ ನಿಂತಿರುವಾಗ 1874ರ ಕಥೆ ಹೇಳಿ. ಸರ್ಕಾರದ ಆಶ್ರಯದ ಸಲೋನ್ ಪ್ರದರ್ಶನದ ತೀರ್ಪುಗಾರರು ಚಿತ್ರಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದ್ದರಿಂದ ಬೇಸತ್ತ ಮೋನೆ, ರೆನ್ವಾರ್, ದೆಗಾ, ಪಿಸಾರೊ, ಬೆರ್ತ್ ಮೊರಿಸೊ ಮೊದಲಾದ ಸುಮಾರು ಮೂವತ್ತು ಕಲಾವಿದರು, ಆ ವರ್ಷದ ಏಪ್ರಿಲ್ 15ರಂದು, ಛಾಯಾಗ್ರಾಹಕ ನದಾರ್ ಬಿಟ್ಟುಹೋಗಿದ್ದ ಸ್ಟುಡಿಯೊದಲ್ಲಿ ತಮ್ಮದೇ ಪ್ರದರ್ಶನ ತೆರೆದರು. ಒಂದು ಫ್ರಾಂಕ್ ಪ್ರವೇಶಧನ. ತಿಂಗಳು ಪೂರ್ತಿ ಬಂದವರು ಸುಮಾರು 3500 ಜನ, ಅವರಲ್ಲೂ ನಗಲೆಂದೇ ಬಂದವರು ಕಡಿಮೆಯಿರಲಿಲ್ಲ. ಲೂಯಿ ಲೆರ್ವಾ ಎಂಬ ಪತ್ರಕರ್ತ ಮೋನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರವನ್ನು ಹಿಡಿದು ಲೇವಡಿ ಮಾಡಿ ಬರೆದದ್ದರಿಂದಲೇ ಇವರಿಗೆ ಆ ಹೆಸರು ಅಂಟಿತು. ಅದೇ ಚಿತ್ರಗಳನ್ನು ನೋಡಲು ಇಂದು ಹೊತ್ತು ಗೊತ್ತುಮಾಡಿಕೊಂಡು ಸಾಲು ನಿಲ್ಲಬೇಕಾಗಿದೆ ಎಂದರೆ ಸಾಲಿನಲ್ಲಿರುವವರಿಗೆ ತುಸು ನಗುವಾದರೂ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಜನರ ನಡುವೆ ನಿಲ್ಲುವ ಬಗೆ

ಒಳಗೆ ಹೋದವರು ಕೆಳಗಿನ ಹಜಾರದಲ್ಲೇ ಅಲೆದು ದಣಿಯುತ್ತಾರೆ. ನೀವು ನೇರವಾಗಿ ಐದನೆಯ ಹಂತಕ್ಕೆ ಹೋಗಿಬಿಡಿ. ಇಂಪ್ರೆಷನಿಸ್ಟ್ ಗ್ಯಾಲರಿ ಇರುವುದು ಅಲ್ಲಿ. ಮೊದಲ ಕೋಣೆಯಲ್ಲಿ ಯಾವಾಗಲೂ ಹೆಚ್ಚು ಜನ, ಏಕೆಂದರೆ ಬಂದವರೆಲ್ಲ ಅಲ್ಲಿ ಪ್ರತಿಯೊಂದು ಫಲಕವನ್ನೂ ಶ್ರದ್ಧೆಯಿಂದ ಓದುತ್ತಾರೆ, ಮೂರನೆಯ ಕೋಣೆಯ ಹೊತ್ತಿಗೆ ಆ ಶ್ರದ್ಧೆ ಕರಗಿರುತ್ತದೆ. ಎಲ್ಲಿಯೂ ನಿಲ್ಲದೆ ಗ್ಯಾಲರಿಯ ಆ ತುದಿಯವರೆಗೆ ಒಮ್ಮೆ ನಡೆದುಹೋಗಿ, ಯಾವ ಚಿತ್ರ ಎಲ್ಲಿದೆ ಎಂದು ಗುರುತುಮಾಡಿಕೊಂಡು, ಹಿಂದಿರುಗಿ ಬರುತ್ತ ನೋಡುವುದು ಒಳ್ಳೆಯದು. ಕಾಲಾನುಕ್ರಮ ತಲೆಕೆಳಗಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ನನಗೆ ಅದರಿಂದ ಯಾವ ಹಾನಿಯೂ ಕಂಡಿಲ್ಲ.

ಜನ ಚಿತ್ರದ ಮುಂದೆ ಸಮನಾಗಿ ಹರಡಿಕೊಳ್ಳುವುದಿಲ್ಲ. ವಿವರಣೆಯ ಫಲಕ ಯಾವ ಬದಿಯಲ್ಲಿದೆಯೋ ಆ ಬದಿಯಲ್ಲಿ ಗುಂಪು ಕಟ್ಟುತ್ತದೆ, ಇನ್ನೊಂದು ಬದಿ ಹೆಚ್ಚುಕಡಿಮೆ ಖಾಲಿಯಿರುತ್ತದೆ. ಗೈಡ್ ಜೊತೆ ಬಂದ ತಂಡ ಒಂದು ಚಿತ್ರದ ಮುಂದೆ ಕೆಲವು ನಿಮಿಷವಷ್ಟೇ ಇರುತ್ತದೆ. ಅವರನ್ನು ಸೀಳಿಕೊಂಡು ಮುಂದೆ ಹೋಗುವ ಬದಲು ಪಕ್ಕದ ಚಿತ್ರವನ್ನು ನೋಡುತ್ತಿದ್ದರೆ ಅವರೇ ಸರಿಯುತ್ತಾರೆ, ಮುಂದಿನ ತಂಡ ಬರುವ ತನಕ ಜಾಗ ನಿಮ್ಮದು. ದೊಡ್ಡ ಚಿತ್ರವನ್ನು ಮೊದಲು ಎದುರು ಗೋಡೆಯಿಂದ, ಸಾಧ್ಯವಾದರೆ ಪಕ್ಕದ ಕೋಣೆಯ ಬಾಗಿಲಲ್ಲೇ ನಿಂತು, ತಲೆಗಳ ಮೇಲಿಂದ ನೋಡಬೇಕು. ಕಣ್ಣು ತುಂಬಿದ ಮೇಲೆ ಹತ್ತಿರ ಹೋಗಿ ಕುಂಚದ ಗೆರೆಗಳನ್ನು ನೋಡಿ, ಮತ್ತೆ ಹಿಂದಕ್ಕೆ ಬರಬೇಕು. ಸಣ್ಣ ಚಿತ್ರಕ್ಕೆ ಈ ಕ್ರಮ ನಡೆಯದು. ಅದಕ್ಕೆ ಸಾಲಿನಲ್ಲಿ ತಾಳ್ಮೆಯಿಂದ ಕಾದು ಎದುರಿಗೇ ಹೋಗಬೇಕು. ಗ್ಯಾಲರಿಯಲ್ಲಿ ಗಾಜಿನ ದಿಮ್ಮಿಗಳಂತಹ ಬೆಂಚುಗಳಿವೆ. ಹಿರಿಯರು ಜೊತೆಗಿದ್ದರೆ ಒಂದು ಒಳ್ಳೆಯ ಚಿತ್ರ ಕಾಣುವ ಬೆಂಚನ್ನು ಅವರಿಗೆ ಹಿಡಿದುಕೊಟ್ಟು, ನೀವು ಸುತ್ತಾಡಿ ಬನ್ನಿ.

ಐದನೆಯ ಹೆಜ್ಜೆ: ಆರಿಸಿಕೊಂಡ ಚಿತ್ರಗಳು

ಪಟ್ಟಿ ಅವರವರದೇ ಇರಬೇಕು. ನನ್ನನ್ನು ಕೇಳಿದರೆ ಮೊದಲ ಹೆಸರು ಗುಸ್ತಾವ್ ಕಾಯ್‌ಬೊತ್ 1875ರಲ್ಲಿ ಬರೆದ, ನೆಲದ ಹಲಗೆ ಹೆರೆಯುವ ಕೂಲಿಯವರ ಚಿತ್ರ. ಬರಿಮೈಯ ಮೂವರು ಮೊಣಕಾಲೂರಿ ಮರದ ನೆಲವನ್ನು ಹೆರೆಯುತ್ತಿದ್ದಾರೆ. ಹಿಂದಿನ ಕಿಟಕಿಯ ಬೆಳಕು ಹೆರೆದ ಜಾಗದಲ್ಲಿ ಒಂದು ಬಗೆ, ಹೆರೆಯದೆ ಉಳಿದ ಹೊಳಪಿನ ಪಟ್ಟಿಯ ಮೇಲೆ ಇನ್ನೊಂದು ಬಗೆ ಬಿದ್ದಿದೆ. ಸುರುಳಿ ಸುರುಳಿಯಾದ ಹೆರೆತ ಅಲ್ಲಲ್ಲಿ ಚೆಲ್ಲಿದೆ. ಕೂಲಿಯವರನ್ನು ಹೀಗೆ ಚಿತ್ರಿಸುವುದು ಸಭ್ಯವಲ್ಲವೆಂದು ಕಂಡಿದ್ದ ಕಾಲದಲ್ಲಿ ಸಲೋನ್ ಇದನ್ನು ತಿರಸ್ಕರಿಸಿತು, ಮರುವರ್ಷ ಇಂಪ್ರೆಷನಿಸ್ಟರ ಎರಡನೆಯ ಪ್ರದರ್ಶನದಲ್ಲಿ ಇದು ಗೋಡೆಗೇರಿತು. ಕಾಯ್‌ಬೊತ್ ಸ್ಥಿತಿವಂತ, ಗೆಳೆಯರ ಚಿತ್ರಗಳನ್ನು ಕೊಂಡು ಅವರ ಕೈ ಹಿಡಿದವನು. ಅವನು 1894ರಲ್ಲಿ ತೀರಿಕೊಂಡಾಗ ಸಂಗ್ರಹವನ್ನು ಸರ್ಕಾರಕ್ಕೆ ಬಿಟ್ಟುಹೋದ, ಸರ್ಕಾರ ಅದರಲ್ಲಿ ಒಂದು ಭಾಗವನ್ನಷ್ಟೇ ಒಪ್ಪಿಕೊಂಡಿತು.

ಹಾಗೆ ಬಂದ ಚಿತ್ರಗಳಲ್ಲಿ ರೆನ್ವಾರ್ 1876ರಲ್ಲಿ ಬರೆದ ಮೂಲಾಂ ದ ಲ ಗಲೆತ್ ಎಂಬ ಪ್ಯಾರಿಸ್ಸಿನ ವಿಹಾರತಾಣದ ನೃತ್ಯದ ಚಿತ್ರವೂ ಒಂದು. ಅದರ ಮುಂದೆ ಜನ ಕರಗುವುದೇ ಇಲ್ಲ, ಆದರೆ ಸುಮಾರು ಒಂದೂಮುಕ್ಕಾಲು ಮೀಟರ್ ಅಗಲವಿರುವ ಅದನ್ನು ದೂರದಿಂದ ನೋಡಿದರೂ ನಡೆಯುತ್ತದೆ. ಹತ್ತಿರ ಹೋಗುವ ಅವಕಾಶ ಸಿಕ್ಕಾಗ ಮುಖಗಳನ್ನು ಬಿಟ್ಟು, ಮುಂದೆ ಬೆನ್ನು ತಿರುಗಿಸಿ ಕುಳಿತವನ ಕೋಟನ್ನು ನೋಡಿ: ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಅಲ್ಲಿ ಗುಲಾಬಿ, ತಿಳಿನೇರಳೆಯ ಮಚ್ಚೆಗಳಾಗಿ ಕುಳಿತಿದೆ. ಬೆರ್ತ್ ಮೊರಿಸೊ ಬರೆದ ‘ತೊಟ್ಟಿಲು’ 1872ರದು, 1874ರ ಆ ಮೊದಲ ಪ್ರದರ್ಶನದಲ್ಲೇ ಇದ್ದದ್ದು. ಅರ್ಧ ಮೀಟರಿಗಿಂತ ತುಸು ದೊಡ್ಡದಾದ ಈ ಚಿತ್ರದಲ್ಲಿ ಕಲಾವಿದೆಯ ಅಕ್ಕ ಎಡ್ಮಾ ಮಲಗಿದ ಮಗುವನ್ನು ನೋಡುತ್ತ ಕುಳಿತಿದ್ದಾಳೆ, ತೊಟ್ಟಿಲ ಪರದೆಯ ಹಿಂದೆ ಮಗು ಮಸುಕಾಗಿ ಕಾಣುತ್ತದೆ. ಆ ತೆಳು ಪರದೆಯನ್ನು ಬಿಳಿ ಬಣ್ಣದಲ್ಲಿ ಹೇಗೆ ಸಾಧಿಸಿದಳು ಎಂಬುದನ್ನು ಎದುರಿಗೇ ನಿಂತು ನೋಡಬೇಕು. ಮೋನೆ ಬರೆದ, ಫ್ರಾನ್ಸಿನ ರುವಾಂ ನಗರದ ದೊಡ್ಡ ಚರ್ಚಿನ ಸರಣಿಯಲ್ಲಿ ಐದು ಚಿತ್ರಗಳು ಓರ್ಸೆಯ ಸಂಗ್ರಹದಲ್ಲಿವೆ. ಒಂದನ್ನೇ ದಿಟ್ಟಿಸುವ ಬದಲು, ಮೋಡದ ಹೊತ್ತಿನ ಬೂದು ಗೋಡೆಯಿಂದ ಪೂರ್ಣ ಬಿಸಿಲಿನ ನೀಲಿ ಹೊನ್ನಿನ ಗೋಡೆಗೆ ಕಣ್ಣು ಹಾಯಿಸುತ್ತಿರಿ. ಮೆದೆಯ ಚಿತ್ರದ ವಿಷಯ ಆಗಲೇ ಹೇಳಿದ್ದಾಯಿತು.

ಫೋಟೊ ತೆಗೆಯಲು ಅನುಮತಿಯಿದೆ, ಫ್ಲ್ಯಾಷ್ ಹಾಕುವಂತಿಲ್ಲ. ಮೊದಲು ನೋಡಿ ಮುಗಿಸಿ, ಹೊರಡುವಾಗ ಬೇಕಿದ್ದರೆ ಒಂದು ಫೋಟೊ ತೆಗೆದುಕೊಳ್ಳಿ. ಬೆನ್ನ ಹಿಂದೆ ನಿಂತವರಿಗೆ ಎತ್ತಿ ಹಿಡಿದ ಮೊಬೈಲಿಗಿಂತ ದೊಡ್ಡ ಉಪದ್ರವವಿಲ್ಲ. ಕಾಫಿಯ ಜಾಗವೂ ಆ ಗಾಜಿನ ಗಡಿಯಾರವೂ ಇದೇ ಮಹಡಿಯಲ್ಲಿರುವುದರಿಂದ ಗುಂಪಿನ ಫೋಟೊವನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಮರುದಿನ: ಒರಾಂಜರಿ ಮತ್ತು ಮಾರ್ಮೊತಾಂ

ಓರ್ಸೆಯಿಂದ ಕಾಲುಸೇತುವೆಯ ಮೇಲೆ ಸೆನ್ ನದಿ ದಾಟಿ, ತ್ವಿಲರಿ ಉದ್ಯಾನದೊಳಗೆ ನಡೆದರೆ ಒರಾಂಜರಿ ಮ್ಯೂಸಿಯಂ ಸಿಗುತ್ತದೆ. ಎರಡನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಮೋನೆಯ ಎಂಟು ಬೃಹತ್ ನೈದಿಲೆ ಚಿತ್ರಗಳು ಇಲ್ಲಿನ ಎರಡು ಮೊಟ್ಟೆಯಾಕಾರದ ಕೋಣೆಗಳ ಗೋಡೆಯುದ್ದಕ್ಕೂ ಬಾಗಿಕೊಂಡಿವೆ. ಮೊದಲ ಮಹಾಯುದ್ಧ ಮುಗಿದ ಮರುದಿನವೇ ಮೋನೆ ಇವನ್ನು ದೇಶಕ್ಕೆ ಕೊಡುವ ಮಾತಾಡಿದ, 1923ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೂ ತಿದ್ದುತ್ತಲೇ ಇದ್ದ, 1926ರಲ್ಲಿ ತೀರಿಕೊಂಡ, ಕೋಣೆಗಳು ತೆರೆದದ್ದು 1927ರಲ್ಲಿ. ಬೆಳಿಗ್ಗೆ 9ರ ಮೊದಲ ಹೊತ್ತಿನ ಟಿಕೆಟ್ ತೆಗೆದುಕೊಂಡು, ಎಲ್ಲರೂ ನಿಲ್ಲುವ ಮೊದಲ ಕೋಣೆಯನ್ನು ದಾಟಿ ಎರಡನೆಯದಕ್ಕೆ ಹೋಗಿ ನಡುವಿನ ಆಸನದಲ್ಲಿ ಕುಳಿತುಕೊಳ್ಳಿ. ಬೆಳಕು ಚಾವಣಿಯಿಂದ ಇಳಿಯುವುದರಿಂದ ಹೊರಗೆ ಮೋಡ ಸರಿದಾಗ ಗೋಡೆಯ ಮೇಲಿನ ನೀರಿನ ಬಣ್ಣವೂ ಬದಲಾಗುತ್ತದೆ. ಅದಕ್ಕಾಗಿ ಹದಿನೈದು ನಿಮಿಷವಾದರೂ ಕೂರಬೇಕು. ಮಾತಿಗೆ ಇಲ್ಲಿ ಜಾಗವಿಲ್ಲ, ಹರಟೆ ಉದ್ಯಾನಕ್ಕೆ ಬಂದ ಮೇಲೆ. ಒರಾಂಜರಿಗೆ ರಜೆ ಮಂಗಳವಾರ. ಗುರುವಾರ ಸಂಜೆ ಓರ್ಸೆ, ಶುಕ್ರವಾರ ಬೆಳಿಗ್ಗೆ ಒರಾಂಜರಿ ಎಂದಿಟ್ಟುಕೊಂಡರೆ ಎರಡೂ ಹೊಂದಿಕೊಳ್ಳುತ್ತವೆ.

ಪಂಥಕ್ಕೆ ಹೆಸರು ತಂದ ‘ಇಂಪ್ರೆಷನ್, ಸನ್‌ರೈಸ್’ ಇವೆರಡರಲ್ಲೂ ಇಲ್ಲ. ಅದನ್ನು ಓರ್ಸೆಯಲ್ಲಿ ಹುಡುಕಿ ಸುಸ್ತಾಗುವವರು ಬಹಳ. ಅದಿರುವುದು ನಗರದ ಪಶ್ಚಿಮ ಭಾಗದ ಮಾರ್ಮೊತಾಂ ಮೋನೆ ಮ್ಯೂಸಿಯಮ್ಮಿನಲ್ಲಿ. 1985ರಲ್ಲಿ ಅಲ್ಲಿಂದಲೇ ಕಳುವಾಗಿದ್ದ ಚಿತ್ರ 1990ರಲ್ಲಿ ಸಿಕ್ಕಿ ಮರಳಿ ಬಂತು. ಮೆಟ್ರೊ 9ನೆಯ ಮಾರ್ಗದ ಲ ಮ್ಯುಎತ್ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ನಡೆಯಬೇಕು, ಸೋಮವಾರ ರಜೆ. ಗುಂಪಿನ ಎಲ್ಲರೂ ಅಷ್ಟು ದೂರ ಬರಬೇಕೆಂದಿಲ್ಲ. ಆಸಕ್ತಿಯಿದ್ದ ಇಬ್ಬರು ಮಧ್ಯಾಹ್ನದಲ್ಲಿ ಹೋಗಿ, ಉಳಿದವರು ಅಂಗಡಿ ಬೀದಿ ಸುತ್ತಿ, ರಾತ್ರಿಯ ಊಟಕ್ಕೆ ಸೇರಿಕೊಂಡರೆ ಸಾಕು.